ಮಾವ ಹಾಕಿದ ಪೆಟ್ರೋಲ್

ನನ್ನ ಸೋದರಮಾವನ ಬಲ ಅಂಗೈ ಎಷ್ಟು ತೊಳೆದರೂ ಬೆಳ್ಳಗಾಗುತ್ತಿರಲಿಲ್ಲ. ಚಾಲೂ ಇರುವ ಕಾರಿನ ಸೈಲೆನ್ಸರ್ ಬಾಯಿಗೆ ಅಂಗೈ ಒಡ್ಡಿ, ಅಂಟಿದ ಮಸಿಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡುವುದು ಅವರ ಅಭ್ಯಾಸ. "ಹೊಗೆ ಸುಳ್ಳು ಹೇಳಲ್ಲ ಕಣೋ ಅಳಿಯ" ಎನ್ನುತ್ತಿದ್ದರು. ಹೊಗೆ ಹೇಳುತ್ತಿರಲಿಲ್ಲ, ನಿಜ.

ಗೌರಿಬಿದನೂರು ರಸ್ತೆಯಲ್ಲಿ ಅವರದೊಂದು ಪೆಟ್ರೋಲ್ ಬಂಕ್. ನನಗೆ ಕಾರಿನ ಹುಚ್ಚು ಹಿಡಿಸಿದವರೇ ಅವರು. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು, ಟರ್ಬೊ ಕೂರಿಸಿ, ಸೈಲೆನ್ಸರ್ ಬದಲಿಸಿ, ಇಬ್ಬರೂ ಸೇರಿ ಜೀವ ಕೊಟ್ಟೆವು. ಇಂಥ ಎಂಜಿನ್ನಿಗೆ ಸಾದಾ ಪೆಟ್ರೋಲ್ ಆಗದು, ಹೆಚ್ಚು ಆಕ್ಟೇನಿನ ದುಬಾರಿಯದೇ ಬೇಕು ಎಂದು ಹೇಳಿಕೊಟ್ಟವರೂ ಅವರೇ. "ಬೇರೆ ಕಡೆ ಹಾಕಿಸ್ಬೇಡಪ್ಪಾ, ಯಾರನ್ನ ಅಂತ ನಂಬ್ತೀಯ?" ಎಂದು ತಾವೇ ನಿಂತು ತುಂಬುತ್ತಿದ್ದರು.

ಆದರೂ ನಂದಿಯ ಏರು ಹತ್ತಿದರೆ ಸಾಕು, ಎಂಜಿನ್ನಿನಲ್ಲಿ ತಗಡಿನ ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು. ಹೊಗೆಯ ಕೊಳವೆ ಕಾದು ಕೆಂಪಗಾಗಿ ಸೀಳು ಬಿಡುತ್ತಿತ್ತು. ಚಿಂತಾಮಣಿಯಲ್ಲಿ ವೆಲ್ಡಿಂಗ್ ಮಾಡಿಸಿದೆ, ಮತ್ತೆ ಸೀಳಿತು. ಮಾವ ಆ ವಯಸ್ಸಿನಲ್ಲೂ ಗೋಣಿಚೀಲ ಹಾಸಿಕೊಂಡು ಕಾರಿನಡಿ ನನ್ನ ಪಕ್ಕ ಮಲಗಿ, ಟಾರ್ಚ್ ಬಿಟ್ಟು ಕಾರಣ ಹುಡುಕುತ್ತಿದ್ದರು. ಅದನ್ನು ಕಂಡು ನನ್ನ ಕಣ್ಣು ತುಂಬಿ ಬರುತ್ತಿತ್ತು. ಥೂ, ನನ್ನ ಕಣ್ಣೀರಿಗಿಷ್ಟು!

ಒಮ್ಮೆ ಅವರ ಬಂಕಿಗೆ ಪೆಟ್ರೋಲ್ ಲೋಡ್ ಬರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಅದೇ ದುಬಾರಿ ಪೆಟ್ರೋಲ್ ತುಂಬಿಸಿ ನಂದಿ ಹತ್ತಿದೆ. ಸದ್ದೇ ಇಲ್ಲ! ಸೀದಾ ಅವರ ಹತ್ತಿರ ಓಡಿದೆ.

"ಮಾವ, ರೋಗ ಸಿಕ್ತು! ನಿಮ್ಮ ಪೆಟ್ರೋಲೇ ಸರಿಯಿಲ್ಲ. ಯಾರೋ ನಿಮಗೆ ಟೋಪಿ ಹಾಕ್ತಿದ್ದಾರೆ."

ಅವರು ಅಂಗೈ ಒರೆಸುತ್ತಲೇ ಇದ್ದರು. "ಯಾರೂ ಹಾಕಿಲ್ಲ ಕಣೋ. ಎರಡು ಪಂಪಲ್ಲೂ ಬರೋದು ಒಂದೇ. ಸಾದಾದು."

"ನನಗೂನಾ ಮಾವ?"

"ನಿನಗೊಬ್ಬನಿಗೆ ಬೇರೆ ತರಿಸಿ ಹಾಕಿದ್ರೆ, ಮಿಕ್ಕೋರಿಗೆ ಯಾಕಿಲ್ಲ ಅಂತ ನೀನೇ ಕೇಳ್ತಿದ್ದೆ."

ನಂಬಿಸಿ ಕತ್ತು ಕುಯ್ಯುವುದು ಎಂದರೆ ಇದೇ. ಪೆಟ್ರೋಲಿನ ಸಿಟ್ಟನ್ನು ನುಂಗಿಕೊಳ್ಳಬಹುದಿತ್ತು. ಎಲ್ಲ ಗೊತ್ತಿದ್ದೂ ನನ್ನ ಪಕ್ಕ ಮಲಗಿ ಹುಡುಕಿದರಲ್ಲ, ಅದನ್ನು ಹೇಗೆ ನುಂಗಲಿ? ಮತ್ತೆ ಆ ಬಂಕಿನ ಕಡೆ ತಲೆ ಹಾಕಲಿಲ್ಲ. ಇವತ್ತಿಗೂ ಕಾರು ಕೆಮ್ಮಿದರೆ ನನ್ನ ಅಂಗೈ ತಾನಾಗಿ ಸೈಲೆನ್ಸರ್ ಬಾಯಿಗೆ ಹೋಗುತ್ತದೆ. ಕಲಿಸಿದವರ ನೆನಪಾಗಿ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ಮಾವ ತೀರಿಕೊಂಡರು. ಕಾರನ್ನು ಊರಾಚೆಯೇ ನಿಲ್ಲಿಸಿ ನಡೆದುಕೊಂಡು ಹೋದೆ. ಅತ್ತೆ ನನ್ನ ಕೈ ಹಿಡಿದುಕೊಂಡು ಅತ್ತರು.

"ಕಾರು ತಂದಿಲ್ವೇನಪ್ಪಾ? ರಸ್ತೇಲಿ ಯಾವ ಕಾರು ಜೋರಾಗಿ ಸದ್ದು ಮಾಡಿದ್ರೂ, ನಮ್ಮ ಅಳಿಯ ಬಂದ ಅಂತ ಎದ್ದು ಕೂರೋರು."

"ತಂದಿಲ್ಲ ಅತ್ತೆ" ಅಂದೆ.