ನೇಗಿಲು ಸೋಕದ ಮಣ್ಣು

ಆದಿಮಾನವನ ಪಾಠಕ್ಕೆ ನಾನು ಒಂದು ವಾರ ಇಟ್ಟುಕೊಂಡಿದ್ದೆ. ಪುಸ್ತಕದಲ್ಲಿ ಅದು ಕೆಲವೇ ಪುಟ, ಬೇಗ ಓದಿಸಿ ಮುಗಿಸಬಹುದು. ಆದರೆ ಐದನೆಯ ತರಗತಿಯ ಮಕ್ಕಳು ಕಲ್ಲನ್ನೂ ಮಣ್ಣನ್ನೂ ಕೈಯಿಂದ ಮುಟ್ಟಿಯೇ ತಿಳಿಯಬೇಕೆಂದು ದಿನಕ್ಕೊಂದು ಕೆಲಸ ಯೋಚಿಸಿದ್ದೆ. ಆ ವಾರ ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಕ್ರಮ ತಪ್ಪಿಸಿದರೆ ಯಾರ ಮೇಲಾದರೂ ತಪ್ಪು ಹೊರಿಸಿದಂತಾಗಬಹುದು ಎಂಬ ಭಯ ನನಗಿದೆ.

ನಮ್ಮ ಶಾಲೆ ಭಾನುವಳ್ಳಿಯಲ್ಲಿದೆ. ನಾನು ದಾವಣಗೆರೆಯ ಸರಸ್ವತಿ ನಗರದಿಂದ ಹೊರಟು, ಹರಿಹರದಲ್ಲಿ ಬಸ್ಸು ಬದಲಿಸಿ ಹೋಗುತ್ತೇನೆ. ನಾಲೆಗೆ ನೀರು ಬಿಟ್ಟಿದ್ದರು. ಗದ್ದೆಗಳಲ್ಲಿ ಟ್ರ್ಯಾಕ್ಟರುಗಳು ಕೆಸರು ಮಾಡುತ್ತಿದ್ದವು. ತರಗತಿಯ ಕಿಟಕಿ ಮುಚ್ಚಿದರೂ ಅವುಗಳ ಸದ್ದು ಒಳಗೆ ಬರುತ್ತಿತ್ತು. ಆಕಾಶ ಮೋಡ ಹಾಕಿಕೊಂಡೇ ಇರುತ್ತಿತ್ತು, ಮಳೆ ಮಾತ್ರ ಬೀಳುತ್ತಿರಲಿಲ್ಲ.

ಸೋಮವಾರ ಕಲ್ಲಿನ ಆಯುಧಗಳ ಪಾಠ. ಮೈದಾನದಲ್ಲಿ ಕಲ್ಲಿಗೆ ಕಲ್ಲು ಕುಟ್ಟಿ ಚೂಪು ಮಾಡಲು ನೋಡಿದೆವು. ಒಬ್ಬನ ಹೆಬ್ಬೆರಳು ಜಜ್ಜಿತು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡೇ, "ಮಿಸ್, ಆದಿಮಾನವ ಒಂದು ಚಾಕು ಮಾಡೋದ್ರಾಗ ಮುದುಕ ಆಗಿರ್ತಿದ್ದ" ಎಂದ. ಎಲ್ಲರೂ ನಕ್ಕರು. ವಾರ ಚೆನ್ನಾಗಿ ಶುರುವಾಯಿತು ಎಂದುಕೊಂಡೆ.

ಮಂಗಳವಾರ ಮಣ್ಣಿನ ಪದರಗಳ ಬಗ್ಗೆ ಹೇಳಿದೆ. ಹಳೆಯದು ಕೆಳಗೆ, ಹೊಸದು ಮೇಲೆ. ಭೂಮಿ ಅಗೆಯುವವರು ಅದನ್ನು ನೋಡಿಯೇ ಕಾಲ ಹೇಳುತ್ತಾರೆ. ತೋರಿಸುವುದಕ್ಕೆಂದು ಕುಡಿಯುವ ನೀರಿನ ದೊಡ್ಡ ಕ್ಯಾನೊಂದರ ಕತ್ತು ಕೊಯ್ದು ತಂದಿದ್ದೆ. ಅದರಲ್ಲಿ ಪದರ ಪದರವಾಗಿ ತುಂಬಲು ಮರುದಿನ ಎಲ್ಲರೂ ಒಂದೊಂದು ಹಿಡಿ ಮಣ್ಣು ತರಬೇಕು, ಉತ್ತ ಮಣ್ಣು ಮಾತ್ರ ಬೇಡ, ಉತ್ತರೆ ಪದರ ಕಲಸಿಹೋಗುತ್ತದೆ ಎಂದೆ.

"ನಮ್ಮೂರಾಗ ಉಳದೇ ಇರೋ ಜಾಗ ಅಂದ್ರೆ ರೋಡು ಒಂದೇ ಮಿಸ್" ಎಂದ ಅದೇ ಹುಡುಗ.

ಅವನ ಮಾತು ನಿಜ. ನಾಲೆಯ ನೀರು ಬರುವ ಊರಿನಲ್ಲಿ ಯಾರೂ ಅಂಗೈಯಗಲ ಜಾಗವನ್ನೂ ಬಿಡುವುದಿಲ್ಲ. ಆದರೂ ಬುಧವಾರ ಎಲ್ಲರೂ ತಂದರು. ಗುಡಿಯ ಹಿಂದಿನದು, ನಾಲೆಯ ಏರಿಯದು, ಹಿತ್ತಲಿನದು. ಕಿಟಕಿಯ ಪಕ್ಕ ಕೂರುವ ಹುಡುಗಿಯೊಬ್ಬಳು ಸ್ಟೀಲಿನ ಊಟದ ಡಬ್ಬಿಯಲ್ಲಿ ತಂದಿದ್ದಳು. ಮಣ್ಣು ಕಪ್ಪಗಿತ್ತು. ಒಳಗೆ ಒಣಗಿದ ಹುಲ್ಲಿನ ಬೇರುಗಳಿದ್ದವು.

"ಇದು ಎಲ್ಲಿಯದು?" ಎಂದು ಕೇಳಿದೆ.

"ನಮ್ಮವ್ವನ ಕುಣಿ ಮ್ಯಾಲಿಂದು ಮಿಸ್. ಗದ್ದ್ಯಾಗ ಅದೊಂದ್ ಕಡೆ ಟ್ರ್ಯಾಕ್ಟ್ರು ಹೋಗಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬ, "ದೆವ್ವ ಬಂತ್ರಲೇ!" ಎಂದ. ಅವಳು ತಿರುಗಿ ನೋಡಿದಳು. "ನಮ್ಮವ್ವ ದೆವ್ವ ಆಗಿದ್ರೆ ಮೊದ್ಲು ನಿನ್ನೇ ಹಿಡೀತಿದ್ಲು. ಎಷ್ಟು ಸಲ ನಮ್ಮನ್ಯಾಗ ಮಂಡಕ್ಕಿ ತಿಂದು ಹೋಗಿದ್ದಿ!" ಎಂದಳು. ಮಕ್ಕಳು ನಕ್ಕರು, ಅಂದವನೂ ನಕ್ಕ. ನನಗೆ ಮಾತ್ರ ಆ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಈ ಕಡೆಯ ಅನೇಕ ಒಕ್ಕಲು ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲದಲ್ಲಿಯೇ ಕುಣಿ ತೋಡಿ, ಕೂರಿಸಿ, ವಿಭೂತಿ ಇಟ್ಟು ಮಣ್ಣು ಕೊಡುತ್ತಾರೆ. ಅನುಕೂಲ ಇದ್ದವರು ಮೇಲೆ ಕಲ್ಲಿನ ಕಟ್ಟೆ ಕಟ್ಟುತ್ತಾರೆ. ಉಳಿದವರಿಗೆ ಮಣ್ಣಿನ ದಿಬ್ಬವೇ ಗುರುತು. ಹುಡುಗಿಯ ತಾಯಿ ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಗದ್ದೆಯ ಮಧ್ಯೆ ಮಣ್ಣು ಕೊಟ್ಟದ್ದು ಗೊತ್ತಿರಲಿಲ್ಲ.

ಡಬ್ಬಿಯ ಮುಚ್ಚಳ ಹಾಕಿ ಅವಳ ಕೈಗೇ ಕೊಟ್ಟೆ. "ಇದನ್ನು ಎಲ್ಲಿಂದ ತಂದೆಯೋ ಅಲ್ಲೇ ಹಾಕಿಬಿಡು ಮಗಾ" ಎಂದೆ.

"ಹಾಕಿದ್ರೂ ಅಲ್ಲಿ ಇರಲ್ಲ ಮಿಸ್. ಶನಿವಾರ ಅದನ್ನೂ ಸಮ ಮಾಡ್ತಾರಂತೆ. ನಮ್ದೊಡ್ಡಪ್ಪ ಹೇಳೈತೆ."

ಆಮೇಲೆ ಬಿಡುವಿನಲ್ಲಿ ವಿವರ ಕೇಳಿ ತಿಳಿದುಕೊಂಡೆ. ತಾಯಿ ಸತ್ತಾಗ ಅಣ್ಣತಮ್ಮಂದಿರದು ಒಂದೇ ಜಮೀನು. ಆಮೇಲೆ ಭಾಗವಾಯಿತು. ದಿಬ್ಬವಿದ್ದ ಗದ್ದೆ ದೊಡ್ಡಪ್ಪನ ಪಾಲಿಗೆ ಹೋಯಿತು. ಅವನು ವರ್ಷ ತುಂಬುವವರೆಗೆ ದಿಬ್ಬವನ್ನು ಮುಟ್ಟದೆ ಸುತ್ತು ಬಳಸಿಯೇ ಉತ್ತಿದ್ದ. ಈಗ ವರ್ಷ ತುಂಬಿತ್ತು.

"ಅಮಾಸಿಗೆ ಎಡೆ ಅಲ್ಲೇ ಇಡೋದು ಮಿಸ್, ಅವ್ವ ಅಲ್ಲೇ ಕುಂತೈತೆ. ಸಮ ಮಾಡಿದ್ರೆ ಎಲ್ಲಿಡಾದು?" ಎಂದಳು. ಅಳುತ್ತಿರಲಿಲ್ಲ. ಲೆಕ್ಕ ಅರ್ಥವಾಗದಾಗ ಕೇಳುವ ಧ್ವನಿಯಲ್ಲೇ ಕೇಳುತ್ತಿದ್ದಳು. ನಾನು ಅವಳ ತಂದೆಯ ಜೊತೆ ಮಾತಾಡುತ್ತೇನೆ ಎಂದೆ. ಫೋನು ಮಾಡಿದೆ. ಅವನು, "ಗದ್ದೆ ಅಣ್ಣಂದು ಮೇಡಂ. ನಾನೇನು ಹೇಳ್ಲಿ?" ಎಂದಷ್ಟೇ ಹೇಳಿದ.

ಗುರುವಾರದ ಪಾಠ ಮೊದಲೇ ಗೊತ್ತುಮಾಡಿದ್ದು: ಕಲ್ಲಿನ ಸಮಾಧಿಗಳು. ಅದನ್ನು ಬಿಟ್ಟುಬಿಡೋಣವೇ ಎಂದು ಬಸ್ಸಿನಲ್ಲಿ ಯೋಚಿಸಿದೆ. ಬಿಟ್ಟರೆ ಏಕೆ ಬಿಟ್ಟೆನೆಂದು ಅವಳಿಗೇ ಮೊದಲು ತಿಳಿಯುತ್ತದೆ ಎನಿಸಿ ಮಾಡಿದೆ. ಆ ಕಾಲದ ಜನ ಸತ್ತವರ ಜೊತೆ ಮಡಕೆ, ಮಣಿ ಇಡುತ್ತಿದ್ದರು, ಸುತ್ತಲೂ ದುಂಡಗೆ ದೊಡ್ಡ ಕಲ್ಲು ನಿಲ್ಲಿಸುತ್ತಿದ್ದರು ಎಂದು ಚಿತ್ರ ತೋರಿಸಿದೆ. ಒಂದು ಚಿತ್ರದಲ್ಲಿ ಮೂಳೆಗಳು ಮುದುಡಿ ಮಲಗಿದ್ದವು.

"ಇವ್ರನ್ನ ಸರಿಯಾಗಿ ಕುಂದ್ರಿಸಿಲ್ಲ" ಎಂದಳು ಹುಡುಗಿ. ಆಮೇಲೆ, "ಮಿಸ್, ಇಷ್ಟು ವರ್ಷ ಆದ್ಮ್ಯಾಲೂ ಇವ್ರು ಹೆಂಗೆ ಸಿಕ್ಕರು?" ಎಂದು ಕೇಳಿದಳು.

"ಕಲ್ಲು ಇದ್ದವಲ್ಲ, ಅದರಿಂದ."

"ಕಲ್ಲು ಇಡದವ್ರು?"

"ಅವರು ಸಿಗುವುದು ಕಷ್ಟ" ಎಂದೆ. ಅದು ಸರಿಯಾದ ಉತ್ತರವೇ. ಪಾಠದಲ್ಲೂ ಹಾಗೆಯೇ ಇದೆ. ಅವಳು ತಲೆಯಾಡಿಸಿ ಚಿತ್ರವನ್ನು ನೋಡುತ್ತ ಕೂತಳು.

ಆ ಸಂಜೆ ಮನೆಯಲ್ಲಿ ಇದನ್ನೆಲ್ಲ ಅತ್ತೆಗೆ ಹೇಳಿದೆ. ಅತ್ತೆಯ ತವರು ಈಗ ದಾವಣಗೆರೆಯೊಳಗೇ ಸೇರಿಹೋಗಿರುವ ಆನೆಕೊಂಡ. ಅಲ್ಲಿ ಅವರ ಹೊಲವಿದ್ದ ಕಡೆ ಈಗ ಸಾಲುಮನೆಗಳಿವೆ. ಅವರು ಬಟಾಣಿ ಬಿಡಿಸುವುದನ್ನು ನಿಲ್ಲಿಸದೆ ಹೇಳಿದರು: "ನಮ್ಮಜ್ಜಿ ಯಾರದೋ ಅಡಿಗಿ ಮನಿ ಕೆಳಗೆ ಅದಾಳೆ. ಯಾರದು ಅಂತ ಯಾರನ್ನ ಕೇಳ್ತಿ? ಊರು ಬೆಳೀಬೇಕಂದ್ರೆ ಹಿಂಗೇ." ಅವರ ಮಾತಿನಲ್ಲಿ ದುಃಖವಿರಲಿಲ್ಲ. ಅದು ನನಗೆ ಇನ್ನಷ್ಟು ಕಸಿವಿಸಿ ಮಾಡಿತು.

ಶುಕ್ರವಾರ ಹುಡುಗಿ ಶಾಲೆಗೆ ಬರಲಿಲ್ಲ. ಊಟದ ನಂತರ ಅವಳ ದೊಡ್ಡಪ್ಪ ಬಂದ. ಮೊಣಕಾಲಿನವರೆಗೆ ಕೆಸರಿತ್ತು. ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತ.

"ಬರ್ರಿ, ಕೂಡ್ರಿ" ಎಂದೆ.

"ಬ್ಯಾಡ್ರಿ ಮೇಡಂ, ಕಾಲು ಹೊಲಸು. ಒಂದ್ ಮಾತು ಕೇಳಾಕ ಬಂದೆ. ಗದ್ದ್ಯಾಗ ಕಲ್ಲು ಇಡಾಕ ನೀವು ಹೇಳಿ ಕೊಟ್ರಾ?"

ಹುಡುಗಿ ಬೆಳಿಗ್ಗೆ ನಾಲೆಯ ಏರಿಯಿಂದ ಕಲ್ಲುಗಳನ್ನು ಹೊತ್ತುಕೊಂಡು ಹೋಗಿ ದಿಬ್ಬದ ಸುತ್ತ ದುಂಡಗೆ ಇಟ್ಟಿದ್ದಳು. ಕೆಲವು ಕೆಸರಿನಲ್ಲಿ ಹೂತು ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಹಾಯ್ದ ಟ್ರ್ಯಾಕ್ಟರಿನ ಹಿಂದೆ ಮಣ್ಣು ಕಲಸುವ ರೋಟವೇಟರಿನ ಬ್ಲೇಡುಗಳು ಕಲ್ಲಿಗೆ ಬಡಿದು ಮುರಿದಿದ್ದವು. ಗಾಡಿ ಬಾಡಿಗೆಯದು, ಓಡಿಸುವವನು ಬೈದು ನಿಲ್ಲಿಸಿ ಹೋಗಿದ್ದ.

"ಪಾಠದಲ್ಲಿತ್ತು. ಗದ್ದೆಯಲ್ಲಿ ಇಡು ಎಂದು ಹೇಳಲಿಲ್ಲ" ಎಂದೆ.

"ನಾನೇನು ಅವಳಿಗೆ ಹೊಡೀಲಿಲ್ರಿ. ನನ್ನ ತಮ್ಮನ ಹೆಂಡ್ತಿ, ನನ್ನ ಕೈಯಾರೆ ಮಣ್ಣು ಕೊಟ್ಟೀನಿ. ಆದ್ರ ಆ ದಿಬ್ಬ ಎದ್ದು ಆಚೆ ಮೂಲಿಗೆ ನೀರೇ ಏರವಲ್ದು. ಎರಡು ಬೆಳಿ ಒಣಗಿಸ್ಕೊಂಡೆ, ಮಾತಾಡ್ಲಿಲ್ಲ. ಮಣ್ಣಿಗೆ ಕೊಟ್ಟ ಮ್ಯಾಲೆ ಮಣ್ಣೇ ಆಗ್ಬೇಕಲ್ರಿ? ನಮ್ಮಪ್ಪನ್ನ ಕುಂದ್ರಿಸಿದ ಜಾಗದಾಗೂ ಭತ್ತನೇ ಬೆಳಿತೈತೆ."

"ಒಂದು ಮೂಲೆ ಬಿಡಲು ಆಗುವುದಿಲ್ಲವೇ? ಬದುವಿಗೆ ಸೇರಿಸಿ ಒಂದು ಕಲ್ಲಾದರೂ?"

ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. "ಬದುವಿನಾಗ ಇದ್ರೆ ಬಿಡ್ತಿದ್ದೆ ಮೇಡಂ. ಅದು ನಟ್ಟ ನಡುವೆ ಐತೆ. ನೀವು ಅವಳಿಗೆ ಬುದ್ಧಿ ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ" ಎಂದು ಹೋದ. ಅವನ ಮಾತಿನಲ್ಲಿ ಸುಳ್ಳೇನೂ ನನಗೆ ಕಾಣಲಿಲ್ಲ. ಕಂಡಿದ್ದರೆ ಹಗುರವಾಗುತ್ತಿತ್ತು.

ಶನಿವಾರ ಬೆಳಗಿನ ಶಾಲೆ. ಹುಡುಗಿ ಬಂದಿದ್ದಳು. ಅಂಗೈ ತರಚಿತ್ತು. ಶಾಲೆ ಬಿಟ್ಟ ಮೇಲೆ ನನ್ನ ಬ್ಯಾಗು ಹಿಡಿದು ನಿಂತು, "ನೀವೊಂದ್ ಸಲ ಬಂದು ಹೇಳ್ರಿ ಮಿಸ್. ದೊಡ್ಡಪ್ಪ ಮನ್ಯಾಗ ಯಾರ ಮಾತೂ ಕೇಳಲ್ಲ, ಹೊರಗಿನೋರು ಹೇಳಿದ್ರೆ ಕೇಳ್ತೈತೆ" ಎಂದಳು. ಇಬ್ಬರೂ ಏರಿಯ ಮೇಲೆ ನಡೆದು ಹೋದೆವು.

ನಾವು ಹೋಗುವಷ್ಟರಲ್ಲಿ ಬೇರೆ ಗಾಡಿ ತರಿಸಿ ಕೆಲಸ ಮುಗಿಸಿದ್ದರು. ಕಲ್ಲುಗಳನ್ನು ಬದುವಿನ ಮೇಲೆ ರಾಶಿ ಹಾಕಿದ್ದರು. ಗದ್ದೆ ತುಂಬ ನೀರು ನಿಂತು ಆಕಾಶದ ಬೂದುಬಣ್ಣ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ ಕಾಣುತ್ತಿತ್ತು. ಆಚೆ ಮೂಲೆಗೂ ನೀರು ಏರಿತ್ತು. ಹುಡುಗಿಯ ಅಪ್ಪ, ಅಜ್ಜಿ, ದೊಡ್ಡಪ್ಪ ಮೂವರೂ ಅಲ್ಲಿಯೇ ಇದ್ದರು. ಸಸಿ ಹಚ್ಚುವ ಹೆಂಗಸರು ಸೀರೆ ಎತ್ತಿ ಕಟ್ಟಿ ಕಾಯುತ್ತಿದ್ದರು.

ಹುಡುಗಿ ಕೂಗಲಿಲ್ಲ. "ಎಲ್ಲಿತ್ತು?" ಎಂದು ಕೇಳಿದಳು, ಅಷ್ಟೇ.

"ಅಲ್ಲಿ, ಆ ಬೇವಿನ ಗಿಡದ ನೇರಕ್ಕೆ" ಎಂದು ಅಪ್ಪ ಕೈ ತೋರಿಸಿದ.

"ಅಲ್ಲಲ್ಲ, ಅಷ್ಟು ದೂರ ಎಲ್ಲಿಂದ ಬರ್ಬೇಕು? ಇಲ್ಲೇ ಈ ಕಡೆ. ನಾನು ಎಡೆ ಹಿಡ್ಕೊಂಡು ಬಂದಾಕಿ, ನನಗೆ ಗೊತ್ತಿಲ್ಲೇನು?" ಎಂದಳು ಅಜ್ಜಿ.

ದೊಡ್ಡಪ್ಪ ಸ್ವಲ್ಪ ಯೋಚಿಸಿದ. "ಇಬ್ರೂ ತಪ್ಪು. ಆಚೆ ಬದು ತಿರುಗೋ ನೇರಕ್ಕೆ ಇತ್ತು. ದಿಬ್ಬ ಬಳಸಿ ಗಾಡಿ ಹೊಡೆಸ್ತಿದ್ದೋನು ನಾನು" ಎಂದ.

ಅವರು ಜಗಳವಾಡಲಿಲ್ಲ. ಒಬ್ಬರು ತೋರಿಸಿದ ಕಡೆ ಇನ್ನೊಬ್ಬರು ನೋಡಿದರು, ತಮ್ಮ ಕೈಯನ್ನು ತಾವೇ ಸ್ವಲ್ಪ ಸರಿಸಿದರು. ದಿಬ್ಬವಿದ್ದಾಗ ಅದನ್ನು ಯಾವುದರಿಂದಲೂ ಅಳೆಯಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಹುಡುಗಿ ಮೂವರ ಮುಖವನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಆ ಜಾಗವನ್ನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ.

ಅಪ್ಪ ಅವಳ ಭುಜ ಮುಟ್ಟಲು ಬಂದ. ಅವಳು ಸರಿದು ಬದುವಿನ ಅಂಚಿಗೆ ಹೋದಳು. ಹೆಂಗಸರು ಒಬ್ಬೊಬ್ಬರಾಗಿ ನೀರಿಗಿಳಿದು ಸಾಲು ನಿಂತಿದ್ದರು. ಸಸಿಯ ಕಟ್ಟುಗಳನ್ನು ದೊಡ್ಡಪ್ಪ ದೂರದಿಂದ ಎಸೆಯುತ್ತಿದ್ದ. ಅವು ಟಪ್ ಟಪ್ ಎಂದು ನೀರಿನಲ್ಲಿ ಬಿದ್ದು ನೆಟ್ಟಗೆ ನಿಲ್ಲುತ್ತಿದ್ದವು.

"ಅಲ್ಲಿ ಮೆಲ್ಲಕ ತುಳೀರಿ" ಎಂದಳು ಹುಡುಗಿ ಹತ್ತಿರವಿದ್ದ ಹೆಂಗಸಿಗೆ.

"ಎಲ್ಲಿ ಯವ್ವಾ?" ಎಂದು ಆಕೆ ನಿಂತು ಕೇಳಿದಳು. ಆಕೆಗೆ ಎಲ್ಲ ಗೊತ್ತಿತ್ತು ಎಂದು ಧ್ವನಿಯಲ್ಲೇ ತಿಳಿಯುತ್ತಿತ್ತು.

ಹುಡುಗಿ ಕೈ ಎತ್ತಿದಳು. ಬೇವಿನ ಗಿಡದ ಕಡೆ ನೋಡಿದಳು, ಬದು ತಿರುಗುವ ಕಡೆ ನೋಡಿದಳು. ಕೈ ಹಾಗೆಯೇ ಇತ್ತು, ಬೆರಳು ಯಾವ ಕಡೆಗೂ ಚಾಚಲಿಲ್ಲ. ಹೆಂಗಸು ಸ್ವಲ್ಪ ಹೊತ್ತು ಕಾದಳು. ಉಳಿದವರು ಆಗಲೇ ಬಗ್ಗಿ ಹಿಂದೆ ಹಿಂದೆ ಸರಿಯುತ್ತಿದ್ದರು, ಸಾಲು ಸೊಟ್ಟಗಾಗುತ್ತಿತ್ತು. ಆಕೆಯೂ ಬಗ್ಗಿ ಕೆಸರಿನಲ್ಲಿ ಮೊದಲ ಸಸಿಯನ್ನು ಊರಿದಳು.