ಬಿಸಿಲಿಗೆ ಹಾಕಿದ ಅನ್ನಭೇದಿ

ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ಕನ್ನಡವನ್ನೇ ನಾನು ಅಕ್ಷರ ಕೂಡಿಸಿ ಓದುವವಳು. ಬಾಟಲಿಗಳ ಮೇಲಿನ ಇಂಗ್ಲಿಷ್ ನನಗೆ ಒಂದಕ್ಷರವೂ ಬಾರದು.

ಹೋದ ವರ್ಷ ಶಿಡ್ಲಘಟ್ಟದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಪುಡಿ ಮಾಡುತ್ತಿದ್ದಳು. ರೇಷ್ಮೆ ನೂಲು ತೆಗೆಯುವವರ ಮನೆಯವಳು. ಪುಡಿ ಎಂದರೆ ಕುಟ್ಟುವುದಲ್ಲ. ಎರಡು ಪಾಲು ಹಳದಿ ಉಪ್ಪು, ಒಂದು ಪಾಲು ಹಸಿರು ಉಪ್ಪು ಕರಗಿಸಿ, ಕಾಯಿಸಿ, ತಿರುವುತ್ತಾ ಅಮೋನಿಯಾವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ನೀರು ಕಪ್ಪಾಗುತ್ತದೆ. ಬೀಕರಿನ ಪಕ್ಕ ಅಯಸ್ಕಾಂತ ಹಿಡಿದರೆ ಕಪ್ಪೆಲ್ಲ ಆ ಕಡೆಗೆ ಹೋಗಿ ಕೂರುತ್ತದೆ. ಮೇಲಿನ ನೀರು ಬಸಿದು, ತೊಳೆದು, ಒಣಗಿಸುವುದು.

“ರಾಗಿ ಹಿಟ್ಟಿನಷ್ಟು ನುಣ್ಣಗಿರತ್ತೇನಮ್ಮಾ?” ಎಂದು ಕೇಳಿದ್ದೆ.

“ಅಯ್ಯೋ ಅಜ್ಜಿ, ಇದರ ಮುಂದೆ ನಿಮ್ಮ ರಾಗಿ ಹಿಟ್ಟು ಜಲ್ಲಿಕಲ್ಲು!”

ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಇದನ್ನು ಮಾಡಿ ತೋರಿಸಿದರೆ ಅವಳು ಪಾಸು. ಪಾಸಾದರೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಮುಂದಿನ ತಿಂಗಳೇ ಬಾ ಎಂದಿದ್ದರು.

ಆ ಹಸಿರು ಉಪ್ಪು ನನಗೆ ಗೊತ್ತಿದ್ದದ್ದೇ. ಅನ್ನಭೇದಿ. ನಮ್ಮಪ್ಪ ನಾಟಿ ಔಷಧಿಗೆ ಗ್ರಂಧಿಗೆ ಅಂಗಡಿಯಿಂದ ತರುತ್ತಿದ್ದ. ಪರೀಕ್ಷೆ ಸೋಮವಾರ. ಶುಕ್ರವಾರ ಕಪಾಟು ಒರೆಸುವಾಗ ನೋಡಿದರೆ ಅದು ನೀರೊಡೆದು ಗಂಟು ಕಟ್ಟಿತ್ತು. ಮನೆಯಲ್ಲಿ ಕಲ್ಲುಪ್ಪು ಹಾಗಾದರೆ ಏನು ಮಾಡುತ್ತೇವೆ? ಪೇಪರಿನ ಮೇಲೆ ಹರವಿ ಕಾಲೇಜಿನ ತಾರಸಿಯಲ್ಲಿಟ್ಟೆ. ಎರಡು ದಿನ ಬಿಸಿಲು, ರಾತ್ರಿ ಇಬ್ಬನಿ. ಸೋಮವಾರ ಬೆಳಿಗ್ಗೆ ಬಿಳುಚಿ, ಅಲ್ಲಲ್ಲಿ ಹಳದಿ ತಿರುಗಿತ್ತು. ಒಣಗಿತಲ್ಲ ಎಂದು ಬಾಟಲಿಗೆ ತುಂಬಿದೆ.

ಪರೀಕ್ಷೆ ಶುರುವಾಯಿತು. ಹುಡುಗಿ ಉಪ್ಪು ಕರಗಿಸಿ ಅಮೋನಿಯಾ ಬಿಟ್ಟಳು. ನೀರು ಕಪ್ಪಾಗುವ ಬದಲು ಕಂದು ಬಣ್ಣವಾಯಿತು. ಮತ್ತೆ ಮಾಡಿದಳು, ಮತ್ತೂ ಕಂದು. ಅಯಸ್ಕಾಂತ ಹಿಡಿದರೆ ಏನೂ ಅಲ್ಲಾಡಲಿಲ್ಲ.

“ಅಜ್ಜಿ, ಇದನ್ನ ಯಾರಾದ್ರೂ ಮುಟ್ಟಿದ್ರಾ?”

“ನಾನೇ ಕಣಮ್ಮಾ. ಒದ್ದೆಯಾಗಿತ್ತು, ಬಿಸಿಲಿಗೆ ಹಾಕ್ದೆ.”

ಅವಳು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ಇದಕ್ಕೆ ಗಾಳಿನೇ ಆಗಲ್ಲ ಅಜ್ಜಿ. ತುಕ್ಕು ಹಿಡಿದಂಗೆ ಆಗೋಯ್ತದೆ.”

“ಮತ್ತೆ ಹಸಿರು ಮಾಡಕ್ಕಾಗಲ್ವಾ?”

“ಈಗೆಲ್ಲಿ ಟೈಮಿದೆ?”

ಇನ್ನೊಂದು ಬಾಟಲಿ ಇರಲಿಲ್ಲ. ಗ್ರಂಧಿಗೆ ಅಂಗಡಿಗೆ ಓಡಿದೆ. ಅಲ್ಲಿ ತೆಗೆದು ತೋರಿಸಿದ್ದು ಮಣ್ಣಿನಂಥ ಹಳದಿ ಪುಡಿ.

“ಹಸಿರಿಂದು ಇಲ್ವೇನಪ್ಪಾ?”

“ಅಮ್ಮಾ, ಅನ್ನಭೇದಿ ಈಗ ಯಾರು ಕೇಳ್ತಾರೆ? ಯಾವ ಕಾಲದ್ದೋ ಇದು.”

ಬರಿಗೈಯಲ್ಲಿ ಬಂದಾಗ ಪರೀಕ್ಷಕರು ಕಂದು ನೀರಿನ ಬೀಕರ್ ಮುಂದೆ ಕೂತಿದ್ದರು. ಟೇಬಲ್ಲಿನ ಹತ್ತಿರ ಹೋಗಿ ಹೇಳಿದೆ: “ಸಾರ್, ಅವಳ ತಪ್ಪಲ್ಲ. ಉಪ್ಪು ಕೆಡಿಸಿದ್ದು ನಾನು.”

ಅವರು ತಲೆಯೆತ್ತದೆ ಟೀ ಕುಡಿದ ಲೋಟ ನನ್ನ ಕೈಗೆ ಕೊಟ್ಟರು. “ಹ್ಞಾಂ, ತಗೊಂಡೋಗಮ್ಮಾ.”

ಇನ್ನೊಂದು ಸಲ ಹೇಳಿದೆ.

“ಅಲ್ಲಿ ಇನ್ನೊಂದು ಲೋಟ ಐತೆ, ಅದೂ ತಗೋ.”

ಹುಡುಗಿ ಸಾಕು ಎನ್ನುವಂತೆ ತಲೆಯಾಡಿಸಿದಳು. ಎರಡೂ ಲೋಟ ಹಿಡಿದು ಆಚೆ ಬಂದೆ.

ಅವಳಿಗೆ ಆರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆಗೆ ಬಾ ಎಂದರು. ಕುಡುಮಲಕುಂಟೆಯವರು ಅಷ್ಟು ದಿನ ಕಾಯಲಿಲ್ಲ. ಬೀಕರುಗಳು ತೊಳೆಯಲು ನನ್ನ ಹತ್ತಿರವೇ ಬಂದವು. ಕಂದು ಕಲೆ ಸೋಪಿಗೆ ಬಿಡಲಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕಬೇಕಾಯಿತು.