ಅಧ್ಯಕ್ಷರು ಪೂಜೆ ಮಾಡಿದ ಕಲ್ಲು

ದ್ಯಾಮಮ್ಮ ತಿಮ್ಮರಾಯಪ್ಪನ ಹೆಸರು ಮೊದಲು ಕೇಳಿದ್ದು ಬಾವಿಕಟ್ಟೆ ಮೇಲೆ. ಪಟೇಲರು ಮಗಳು ಮಲ್ಲಿಕಾಂಬನಿಗೆ ದೇವನೂರು ಕಡೆಯಿಂದ ಮನೆಅಳಿಯನನ್ನು ತರ್ತಾರಂತೆ, ಓದಿದವನಂತೆ, ಕೈಗಡಿಯಾರ ಕಟ್ತಾನಂತೆ ಅಂತ ಶಂಕರಮ್ಮ ಸುದ್ದಿ ತಂದಿದ್ದಳು. ಹೊಲ ಉಳ್ತಾನೇನೇ ಅಂತ ದ್ಯಾಮಮ್ಮ ಕೇಳಿದ್ದಕ್ಕೆ ಅವಳು ನಕ್ಕು ಕೊಡ ಎತ್ತಿಕೊಂಡು ಹೋದಳು.

ಬಂದ. ತಿಮ್ಮರಾಯಪ್ಪ ನೇಗಿಲು ಮುಟ್ಟಲಿಲ್ಲ, ಗಡಿಯಾರಕ್ಕೆ ಕೀಲಿ ಕೊಡುವುದು ಮರೆಯಲಿಲ್ಲ. ಮಾವ ಕಣ್ಣು ಮುಚ್ಚಿದ ಮೇಲೆ ಪಂಚಾಯ್ತಿ ಅಧ್ಯಕ್ಷನೂ ಆದ. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಮುಳುಗುವ ಕಡೆಯಿಂದ ಎದ್ದು ಬಂದವರು, ಅಜ್ಜಂಪುರದ ಸ್ಟೇಷನ್ನು ಹತ್ತಿರ ಅಂತ ಬಂದ ವ್ಯಾಪಾರದವರು, ಎಲ್ಲರೂ ಮನೆ ಕಟ್ಟಲು ಜಾಗ ಕೇಳುವವರೇ. ಎಲ್ಲರ ಕಣ್ಣೂ ರಸ್ತೆ ಬದಿಯ ಹಳ್ಳದ ದಂಡೆ ಮೇಲೆ. ಆ ಹಳ್ಳದ ನೀರು ಕೆರೆಗೆ, ಕೆರೆಯ ಒರತೆ ಬಾವಿಗೆ. ಮೇಲಿನೂರು ಕೆಳಗಿನೂರು ಎರಡೂ ಕುಡಿಯುವುದು ಆ ಬಾವಿಯ ನೀರನ್ನೇ. ದಂಡೆ ಮೇಲೆ ಮನೆ ಎದ್ದರೆ ಬಚ್ಚಲು, ತಿಪ್ಪೆ ಎಲ್ಲ ಬಂದು ಬೀಳುವುದು ಕೊಡಕ್ಕೆ. ದ್ಯಾಮಮ್ಮನ ದಿಗಿಲು ಅದೊಂದೇ.

ಎರಡೂ ಊರಿನವರು ಕೂತು ಮಾತಾಡಿಕೊಂಡರು. ಹೊಸ ಮನೆಗಳೆಲ್ಲ ಹಳ್ಳದಿಂದ ದೂರದ ಬೋರೆ ದಿಬ್ಬದ ಮೇಲೆ. ಹಳ್ಳದ ದಂಡೆಯಲ್ಲಿ ಯಾರೂ ಉಳಬಾರದು, ಕಟ್ಟಬಾರದು. ಗಡಿಗೆ ಕಲ್ಲು ನೆಟ್ಟ ದಿನ ತಿಮ್ಮರಾಯಪ್ಪನ ಠೀವಿ ನೋಡಬೇಕಿತ್ತು. ಪೇಟ ಸುತ್ತಿಕೊಂಡು ಮದುವೆ ಗಂಡಿನ ಹಾಗೆ ಬಂದ. ಬಡಪಾಯಿ ಕಲ್ಲಪ್ಪ ದಂಡೆಯಲ್ಲಿ ಒಂದಿಷ್ಟು ಹುರುಳಿ ಬಿತ್ತಿದ್ದ. ಅವನನ್ನು ಹೆದರಿಸಬೇಕಲ್ಲ, ಕಲ್ಲಿಗೆ ಅರಿಸಿನ ಕುಂಕುಮ ಬಳಿದು ಕಾಯಿ ಒಡೆದು ಹೇಳಿದ: "ಇದು ಕಲ್ಲಲ್ಲ, ಗಂಗಮ್ಮ. ಇದನ್ನ ಅಲ್ಲಾಡಿಸ್ದೋನ ಮನೇಲಿ ತೊಟ್ಟಿಲು ತೂಗಲ್ಲ."

ಕಲ್ಲಪ್ಪ ಹುರುಳಿ ಕಿತ್ತ. ಅವತ್ತಿನಿಂದ ದ್ಯಾಮಮ್ಮ ನೀರಿಗೆ ಹೋದಾಗೆಲ್ಲ ಕಲ್ಲಿಗೊಂದು ಚೊಂಬು ನೀರು ಹಾಕಿ, ಚಿಟಿಕೆ ಕುಂಕುಮ ಇಟ್ಟೇ ಬರುತ್ತಿದ್ದಳು.

ಆಮೇಲೆ ರಸ್ತೆಗೆ ಬಸ್ಸು ಬಂತು. ಬಸ್ಸು ನಿಲ್ಲುತ್ತಿದ್ದದ್ದು ಕಲ್ಲಿನ ಹತ್ತಿರ, ಕಲ್ಲಿನ ಈಚೆಗೆ ತಿಮ್ಮರಾಯಪ್ಪನ ಹೊಲ. ಅಧ್ಯಕ್ಷರಿಗೆ ಅಕ್ಕಿ ಮಿಲ್ಲಿನ ಕನಸು ಬಿತ್ತು. ಮಿಲ್ಲಿಗೆ ಹೊಲ ಸಾಲದು, ಕಲ್ಲು ಹಳ್ಳದ ಕಡೆ ಸರಿಯಬೇಕು. ಕಲ್ಲಂದ್ರೆ ಕಲ್ಲು ಕಣ್ರೀ, ಮೂಢನಂಬಿಕೆ ಬಿಡಿ ಅಂತ ಅದೇ ಬಾಯಲ್ಲಿ ಊರೆಲ್ಲ ಹೇಳಿಕೊಂಡು ತಿರುಗಿದ. ಊರಿನ ಆಳು ಒಬ್ಬನೂ ಹಾರೆ ಹಿಡಿಯಲಿಲ್ಲ. ಬೀರೂರಿನಿಂದ ಕರೆಸಿದ ಕೂಲಿಯವರು ಕುಂಕುಮ ಕಂಡವರೇ ಬೀಡಿ ಹಚ್ಚಿಕೊಂಡು ಕೂತರು. ಕೊನೆಗೆ ತಾನೇ ಹಾರೆ ಎತ್ತಿದ, ಪೊರಕೆ ಹಿಡಿದ ಹಾಗೆ. ಅಷ್ಟರಲ್ಲಿ ಮಲ್ಲಿಕಾಂಬ ತುಂಬು ಬಸುರಿ ಮಗಳ ಕೈ ಹಿಡಿದು ಬಂದು ಕಲ್ಲಿನ ಪಕ್ಕ ನಿಂತಳು.

"ತೊಟ್ಟಿಲ ಮಾತಾಡಿದ್ದು ನೀವೇ ಅಲ್ವೇನ್ರೀ? ಕೀಳಿ ಮತ್ತೆ, ಇವಳ ಎದುರಿಗೇ ಕೀಳಿ."

ತಿಮ್ಮರಾಯಪ್ಪ ಗಡಿಯಾರ ನೋಡಿಕೊಂಡ. ಹೊತ್ತಾಯ್ತು ಅಂದು ಹೊರಟ.

ಅಕ್ಕಿ ಮಿಲ್ಲನ್ನು ತರೀಕೆರೆಯವರು ಯಾರೋ ಬೋರೆ ಮೇಲೆ ಹಾಕಿದರು. ಬಾವಿ ನೀರು ತಿಳಿಯಾಗೇ ಉಳಿಯಿತು. ಆ ನೀರನ್ನೇ ಕುಡಿದುಕೊಂಡು, ಊರು ಕೆಟ್ಟಿತು ಅಂತ ಜಗುಲಿ ಮೇಲೆ ಬೈಯುತ್ತಾ ತಿಮ್ಮರಾಯಪ್ಪ ಮುದುಕನಾದ. ಅವನು ಸಾಯುವ ವರ್ಷ, ಒಂದು ಬೆಳಿಗ್ಗೆ ಕೋಲೂರಿಕೊಂಡು ಹಳ್ಳದ ಹತ್ತಿರ ಬಂದ. ದ್ಯಾಮಮ್ಮ ಕಲ್ಲು ತೊಳೆದು, ಬೆರಳಿಗೆ ಕುಂಕುಮ ತೆಗೆದುಕೊಂಡಿದ್ದಳು. ಯಾರಾದರೂ ಇದ್ದಾರಾ ಅಂತ ಸುತ್ತ ನೋಡಿ ಅಧ್ಯಕ್ಷರು ದನಿ ತಗ್ಗಿಸಿದರು.

"ಕುಂಕುಮ ಇಡೋದು ನಿಲ್ಸು ತಾಯಿ. ಒಂದೇ ಒಂದು ಮಳೆಗಾಲ. ತೊಳ್ದೋದ್ರೆ ಜನ ಮರೀತಾರೆ, ಆಮೇಲೆ ಕಲ್ಲನ್ನ ನಾನು ನೋಡ್ಕೋತೀನಿ."